ಬೋರ್ಡಿಲ್ಲದ ಗಂಜಿ ಹೋಟೆಲು: ಐದಕ್ಕೆ ನಾಲ್ಕು

ಕಾಸರಗೋಡು ಜಿಲ್ಲೆಯ ಬಂದ್ಯೋಡಿನಿಂದ ಕುಂಬಳೆ ಕಡೆಗೆ ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ಬರುವಾಗ, ಶಿರಿಯ ಹೊಳೆಯ ಸೇತುವೆಗಿಂತ ಸ್ವಲ್ಪ ಮೊದಲು ಎಡಗಡೆ ಹಂಚಿನ ಮಾಡಿನ ಉದ್ದನೆಯ ಕಟ್ಟಡ ಒಂದುಂಟು. ಎದುರಿಗೆ ನೀಲಿ ಟಾರ್ಪಾಲು ಕಟ್ಟಿದ್ದಾರೆ. ಬೋರ್ಡ್ ಇಲ್ಲ. ಮೊದಲು ಇತ್ತು, ಮೇಲೆ ಮಲಯಾಳ, ಕೆಳಗೆ ಕನ್ನಡ. ರಸ್ತೆ ಅಗಲ ಮಾಡುವಾಗ ಎದುರಿನ ಜಗಲಿಯ ಜೊತೆ ಅದೂ ಕೆಳಗಿಳಿಯಿತು. ಈಗ ಹಿತ್ತಲಲ್ಲಿ ಕೋಳಿಗೂಡಿನ ಬಾಗಿಲಾಗಿದೆ. ಹೋಟೆಲಿನ ಯಜಮಾನರನ್ನು ನಾವೆಲ್ಲ ಇಚ್ಚ, ಅಂದರೆ ಅಣ್ಣ, ಎಂದೇ ಕರೆಯುವುದು. ಹೊಸ ಬೋರ್ಡ್ ಬರೆಸಿ ಎಂದರೆ, "ಗೊತ್ತಿದ್ದವರಿಗೆ ಗೊತ್ತುಂಟಲ್ಲಾ ಮಾರಾಯ" ಅನ್ನುತ್ತಾರೆ. ಗೊತ್ತಿಲ್ಲದವರಿಗಾಗಿ ನಾನು ಇದನ್ನು ಬರೆಯುತ್ತಿದ್ದೇನೆ.

ನಾನು ಧರ್ಮತ್ತಡ್ಕದ ಕಡೆಯವನು. 1982ರಲ್ಲಿ ಮಂಗಳೂರು ಹೆಂಚಿನ ಲೋಡಿಗೆ ಕ್ಲೀನರ್ ಆಗಿ ಹತ್ತಿದೆ. ಹೆಂಚು ಒಡೆಯದ ಹಾಗೆ ನಡುವೆ ಬೈಹುಲ್ಲು ತುರುಕುವುದೇ ಆಗ ನನ್ನ ಕೆಲಸ. 1987ರಲ್ಲಿ ಹೆವಿ ಲೈಸೆನ್ಸ್ ಸಿಕ್ಕಿತು. ಅಲ್ಲಿಂದ 38 ವರ್ಷ ಅಡಿಕೆ, ತೆಂಗಿನಕಾಯಿ, ಈರುಳ್ಳಿ, ಸಿಮೆಂಟು ಎಲ್ಲ ಹೊತ್ತೆ. 2025ರ ಬಿಸುವಿಗೆ, ನಮ್ಮ ಕಡೆಯ ಹೊಸ ವರ್ಷಕ್ಕೆ, ಸ್ಟೇರಿಂಗ್ ಬಿಟ್ಟೆ. ಹೆವಿ ಲೈಸೆನ್ಸಿಗೆ ಇನ್ನೂ ಎರಡು ವರ್ಷ ಆಯುಸ್ಸುಂಟು, ನನ್ನ ಕಣ್ಣಿಗೆ ಇಲ್ಲ. ರಾತ್ರಿ ಎದುರಿನಿಂದ ಆ ಬಿಳಿ ಎಲ್‌ಇಡಿ ಬೆಳಕು ಹೊಡೆದರೆ ನಾಲ್ಕು ಸೆಕೆಂಡ್ ರಸ್ತೆಯೇ ಕಾಣುವುದಿಲ್ಲ. 60ರ ವೇಗದಲ್ಲಿ ನಾಲ್ಕು ಸೆಕೆಂಡಿಗೆ ಗಾಡಿ ಸುಮಾರು 67 ಮೀಟರ್ ಹೋಗುತ್ತದೆ. ಒಂದು ರಾತ್ರಿ ಸುಳ್ಯದಲ್ಲಿ ಗಾಡಿ ನಿಲ್ಲಿಸಿ ಕುಳಿತು ಇದನ್ನು ಲೆಕ್ಕ ಹಾಕಿದೆ. ಮರುದಿನ ಕೀ ತೆಗೆದುಕೊಂಡು ಹೋಗಿ ಧಣಿಗೆ ಕೊಟ್ಟೆ.

ಮಗಳ ಮಗ ಹೇಳುವುದು, ಹೋಟೆಲಿಗೆ ಐದರಲ್ಲಿ ಇಷ್ಟು ನಕ್ಷತ್ರ ಎಂದು ಕೊಡಬೇಕಂತೆ. ನಾಲ್ಕು ಕೊಟ್ಟಿದ್ದೇನೆ. ಐದನೆಯದರ ಕಥೆ ಆಮೇಲೆ.

ಲಾರಿಯವರಿಗೆ ಹೋಟೆಲಿನ ಪರೀಕ್ಷೆ ಶುರುವಾಗುವುದು ಊಟದಿಂದ ಅಲ್ಲ. ಮೊದಲು ಗಾಡಿ ಎಲ್ಲಿ ನಿಲ್ಲುತ್ತದೆ ಎಂದು ನೋಡಬೇಕು. ನೆಲ ಗಟ್ಟಿ ಉಂಟಾ? ಆಟಿ ತಿಂಗಳ ಮಳೆಯಲ್ಲಿ ಮೆತ್ತನೆ ಮಣ್ಣಿಗೆ ಹಿಂದಿನ ಚಕ್ರ ಇಳಿಯಿತು ಎಂದರೆ ಊಟ ಮಾಡಿದ್ದೆಲ್ಲ ಅಲ್ಲಿಯೇ ಕರಗುತ್ತದೆ. ಸ್ವಲ್ಪ ಇಳಿಜಾರು ಉಂಟಾ? ಹಳೆ ಗಾಡಿಯ ಬ್ಯಾಟರಿ ಯಾವಾಗ ಕೈಕೊಡುತ್ತದೆ ಎಂದು ಹೇಳಲಿಕ್ಕಾಗುವುದಿಲ್ಲ. ಇಳಿಜಾರಿನಲ್ಲಿ ನಿಲ್ಲಿಸಿದ್ದರೆ ಚಕ್ರದಡಿಯ ಕಲ್ಲು ತೆಗೆದು ಉರುಳಲು ಬಿಟ್ಟು ಗೇರಿಗೆ ಹಾಕಿದರೆ ಮುಗಿಯಿತು. ಮೂರನೆಯದು, ಊಟಕ್ಕೆ ಕೂತ ಕುರ್ಚಿಯಿಂದ ಗಾಡಿ ಕಾಣಬೇಕು. ಟಾರ್ಪಾಲಿನ ಹಗ್ಗ ಬಿಚ್ಚುವವರು, ಡೀಸೆಲ್ ಎಳೆಯುವವರು ಎಲ್ಲ ಊರಲ್ಲೂ ಇದ್ದಾರೆ.

ಇತ್ತೀಚೆಗೆ ನಾಲ್ಕನೆಯದೊಂದು ಸೇರಿದೆ. ಹಿಂದೆ ಗುಡ್ಡ ಉಂಟಾ ಎಂದು ಕತ್ತೆತ್ತಿ ನೋಡುವುದು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲದ ಹತ್ತಿರ ಶಿರೂರಿನಲ್ಲಿ ಗುಡ್ಡ ಜರಿದದ್ದು ನೆನಪಿರಬಹುದು. ರಸ್ತೆ ಬದಿಯ ಚಹಾದ ಅಂಗಡಿ, ಅಲ್ಲಿದ್ದ ಜನ ಎಲ್ಲ ಹೋದರು. ಕೇರಳದ ಮರದ ಲಾರಿ ಒಂದು ಗಂಗಾವಳಿ ಹೊಳೆಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಡ್ರೈವರ್ ಕ್ಯಾಬಿನಿನ ಒಳಗೇ ಇದ್ದ. ಆ ತಿರುವಿನಲ್ಲಿ ನಾನೂ ಗಾಡಿ ನಿಲ್ಲಿಸಿದವನು. ಆಮೇಲೆ ಆ ದಾರಿಯಲ್ಲಿ ಹೋದಾಗಲೆಲ್ಲ ಚಹಾ ಬೇಕೆನಿಸಿದರೂ ಬಯಲು ಸಿಗುವವರೆಗೆ ತಡೆದುಕೊಂಡೆ.

ಇಚ್ಚನ ಹೋಟೆಲು ಈ ನಾಲ್ಕರಲ್ಲೂ ಪಾಸು. ಹಿಂದೆ ಗುಡ್ಡ ಇಲ್ಲ, ತೆಂಗಿನ ತೋಟ. ನೆಲ ಕೆಂಪು ಮುರಕಲ್ಲಿನದು, ಎಷ್ಟು ಮಳೆ ಬಂದರೂ ಗಟ್ಟಿ. ಹೊಳೆಯ ಕಡೆಗೆ ಹದವಾದ ಇಳಿಜಾರು. ಕಿಟಕಿಯ ಪಕ್ಕದ ಮೂರನೇ ಮೇಜಿನ ಒಳಗಿನ ಕುರ್ಚಿಯಲ್ಲಿ ಕೂತರೆ ಗಾಡಿಯ ಮೂತಿಯೂ ಡೀಸೆಲ್ ಟ್ಯಾಂಕೂ ಒಟ್ಟಿಗೆ ಕಾಣುತ್ತಿತ್ತು. ಕಾಣುತ್ತಿತ್ತು ಎಂದು ಯಾಕೆ ಹೇಳಿದೆ ಎಂದರೆ, ಈಗ ಆ ಕುರ್ಚಿಯಿಂದ ಕಾಣುವುದು ಕಾಂಕ್ರೀಟ್ ಗೋಡೆ. ಹೆದ್ದಾರಿಗೆ 45 ಮೀಟರ್ ಅಗಲ ಜಾಗ ತೆಗೆದಾಗ ಅಂಗಳದ ಮುಕ್ಕಾಲು ಪಾಲು ಹೋಯಿತು. ಹನ್ನೆರಡು ಲಾರಿ ನಿಲ್ಲುತ್ತಿದ್ದ ಕಡೆ ಈಗ ಎರಡು ನಿಂತರೆ ಮೂರನೆಯದು ಕಾಯಬೇಕು. ಅದೂ ಅಲ್ಲದೆ ಆರು ಲೇನಿನ ರಸ್ತೆಯಲ್ಲಿ ಹಸಿವಾಯಿತು ಎಂದು ಕಂಡಲ್ಲಿ ಎಡಕ್ಕೆ ಎಳೆಯುವ ಹಾಗಿಲ್ಲ. ತುಂಬಾ ಮೊದಲೇ ನೆನಪಿಟ್ಟು ಸರ್ವಿಸ್ ರಸ್ತೆಗೆ ಇಳಿದಿರಬೇಕು. ಹೊಸ ಹುಡುಗರು ಇಳಿಯುವುದಿಲ್ಲ. ರಸ್ತೆ ಚೆನ್ನಾಗಿದೆ, ಸುಳ್ಳು ಹೇಳಬಾರದು. ಕರ್ನಾಟಕದ ಗಡಿಯ ತಲಪಾಡಿಯಿಂದ ಕಾಸರಗೋಡಿಗೆ ಮೊದಲು ಹೊಂಡ ಲೆಕ್ಕ ಹಾಕುತ್ತಾ ಬರುತ್ತಿದ್ದೆವು. ಆದರೆ ಹೊಂಡ ಇದ್ದಾಗ ಹೋಟೆಲು ತುಂಬಿರುತ್ತಿತ್ತು.

ಈ ರಸ್ತೆಗೆ ಈಗ 66 ಎಂದು ನಂಬರು. ನಮ್ಮ ಬಾಯಿಗೆ ಇನ್ನೂ ಹಳೇ ನಂಬರು ಹದಿನೇಳೇ ಬರುತ್ತದೆ. ಹದಿನೇಳು ಇದ್ದ ಕಾಲದಲ್ಲಿ ಮಂಜೇಶ್ವರದ ಚೆಕ್‌ಪೋಸ್ಟಿನಲ್ಲಿ ತೆರಿಗೆ ಕಾಗದ ತೋರಿಸಲು ಸಾಲು. ಓಣಂ ಹತ್ತಿರ ಬಂತೆಂದರೆ ತರಕಾರಿ ಲಾರಿಗಳೇ ಕಣ್ಣು ಹಾಯುವವರೆಗೆ. ಮೂರು ಗಂಟೆ, ನಾಲ್ಕು ಗಂಟೆ ನಿಂತು, ಸೀಲು ಹೊಡೆಸಿಕೊಂಡು ಹೊರಟರೆ ಹೊಟ್ಟೆ ಬೆನ್ನಿಗೆ ಅಂಟಿರುತ್ತಿತ್ತು. ಅಲ್ಲಿಂದ ಅರ್ಧ ಗಂಟೆಗೆ ಇಚ್ಚನ ಹೋಟೆಲು. ಆಗ ಇಚ್ಚನ ತಂದೆ ಗಲ್ಲೆಯಲ್ಲಿ, ದುಡ್ಡಿನ ಪೆಟ್ಟಿಗೆಯ ಹತ್ತಿರ, ಕೂರುತ್ತಿದ್ದರು. 2017ರ ಜುಲೈಗೆ ಜಿಎಸ್‌ಟಿ ಬಂತು, ತೆರಿಗೆ ಚೆಕ್‌ಪೋಸ್ಟ್ ಎದ್ದುಹೋಯಿತು. ನಾವು ಡ್ರೈವರುಗಳು ದೇವರಿಗೆ ಕಾಯಿ ಒಡೆದೆವು. ಇಚ್ಚನ ಅಡುಗೆಮನೆಯಲ್ಲಿ ಒಂದು ಹಂಡೆ ಕಡಿಮೆಯಾಯಿತು.

ಇನ್ನು ಗಂಜಿ. ಇಲ್ಲಿಗೆ ಬಂದವರು ಬೇರೆ ಏನೂ ತಿನ್ನದೆ ಹೋದರೂ ಪರವಾಗಿಲ್ಲ, ಗಂಜಿ ಊಟ ಮಾಡದೆ ಹೋಗಬೇಡಿ. ಕೆಂಪು ಕುಚ್ಚಲಕ್ಕಿ, ಸೌದೆ ಒಲೆ. ರಾತ್ರಿ ಹತ್ತಕ್ಕೆ ಹಂಡೆ ಇಟ್ಟರೆ ಬೆಂಕಿ ಎಳೆದ ಮೇಲೂ ಕೆಂಡದ ಬಿಸಿಯಲ್ಲೇ ಕೂತಿರುತ್ತದೆ. ಕಾಳು ಒಡೆದಿರಬೇಕು, ಕರಗಿರಬಾರದು. ತೆಳಿ ಬೇರೆ, ಅನ್ನ ಬೇರೆ ಎಂದು ಇರಬಾರದು, ಪಾಯಸದ ಹಾಗೆ ಅಂಟಲೂಬಾರದು. ಇದನ್ನು ಕುಕ್ಕರಿನಲ್ಲಿ ಮಾಡಿದರೆ ಬರುವುದಿಲ್ಲ. ನನ್ನ ಹೆಂಡತಿಯ ಹತ್ತಿರ ಒಮ್ಮೆ ಹೇಳಿದೆ, ಎರಡು ದಿನ ಮಾತಿರಲಿಲ್ಲ.

ಗಂಜಿಯ ಜೊತೆ ಹೆಸರುಕಾಳಿನ ಪಲ್ಯ, ಸುಟ್ಟ ಮೆಣಸಿನ ಕಾಯಿ ಚಟ್ನಿ, ಮಿಡಿ ಉಪ್ಪಿನಕಾಯಿ, ಒಂದು ಸುಟ್ಟ ಹಪ್ಪಳ. ಮಳೆಗಾಲದಲ್ಲಿ ಒಣ ಸಿಗಡಿ ಚಟ್ನಿ ಬರುತ್ತದೆ. ಆ ದಿನ ಎರಡು ಬಟ್ಟಲು ಗಂಜಿ ಜಾಸ್ತಿ ಖರ್ಚು. ಮೊದಲು ಹಲಸಿನ ಎಲೆ ಮಡಚಿ ಕಡ್ಡಿ ಚುಚ್ಚಿ ಚಮಚ ಮಾಡಿ ಕೊಡುತ್ತಿದ್ದರು. ಈಗ ಸ್ಟೀಲು. ಎಲೆಯ ಚಮಚದಲ್ಲಿ ಬಿಸಿ ಗಂಜಿ ಕುಡಿದರೆ ತುಟಿ ಸುಡುವುದಿಲ್ಲ, ಸ್ಟೀಲಿನದು ಸುಡುತ್ತದೆ. ಕೇಳಿದರೆ ಈಗಲೂ ಮರದಿಂದ ಕಿತ್ತು ಮಾಡಿಕೊಡುತ್ತಾರೆ. ನಾಚಿಕೆ ಬಿಟ್ಟು ಕೇಳಿ.

ಗಂಜಿ ಬಡವರ ಊಟ ಎಂದು ಕಾರಿನವರು ತಿಳಿದುಕೊಂಡಿದ್ದಾರೆ. ನಮಗೆ ಅದು ಲೆಕ್ಕಾಚಾರ. ಮಧ್ಯಾಹ್ನ ಬಿರಿಯಾನಿ ತಿಂದು ಹತ್ತಿದರೆ ಒಂದು ಗಂಟೆಯೊಳಗೆ ರೆಪ್ಪೆ ಭಾರವಾಗುತ್ತದೆ. ಹಳೆ ಗಾಡಿಗಳಲ್ಲಿ ಎಂಜಿನಿನ ಬಿಸಿ ಸೀದಾ ಕಾಲಿಗೆ, ಷರ್ಟು ಹಿಂಡಿದರೆ ನೀರು ಬರುತ್ತಿತ್ತು. ಗಂಜಿಯಲ್ಲಿ ಉಪ್ಪೂ ಉಂಟು ನೀರೂ ಉಂಟು, ಹೊಟ್ಟೆ ತುಂಬುತ್ತದೆ, ನಿದ್ದೆ ಬರುವುದಿಲ್ಲ. ಈಗ ಹೊಸ ಲಾರಿಗಳಿಗೆ 2025ರ ಅಕ್ಟೋಬರ್‌ನಿಂದ ಕ್ಯಾಬಿನಿನಲ್ಲಿ ಎಸಿ ಕಡ್ಡಾಯವಾಗಿದೆ. ನಾನು ಇಳಿದು ಆರು ತಿಂಗಳು ತುಂಬುವ ಮೊದಲೇ! ಇರಲಿ.

ಗಂಜಿ ಊಟಕ್ಕೆ 50 ರೂಪಾಯಿ. ಎರಡನೇ ಸಲ ಬಡಿಸಿದ್ದಕ್ಕೆ ದುಡ್ಡಿಲ್ಲ. ನನಗೆ ಸಕ್ಕರೆ ಕಾಯಿಲೆ ಉಂಟು, ಡಾಕ್ಟರು ಒಂದೇ ಬಟ್ಟಲು ಎಂದಿದ್ದಾರೆ. ಬಟ್ಟಲಿನ ಅಳತೆ ಹೇಳಲಿಲ್ಲ.

ಮೀನಿನ ವಿಷಯ. ಬಂಗುಡೆ ಪುಳಿಮುಂಚಿ, ಅಂದರೆ ಹುಳಿ ಖಾರದ ಗಸಿ, ಒಳ್ಳೆಯದು, ಹುಳಿ ಸ್ವಲ್ಪ ಮುಂದೆ. ಬೂತಾಯಿ ಹುರಿದದ್ದು ಇನ್ನೂ ಒಳ್ಳೆಯದು. ಮಸಾಲೆಯಲ್ಲಿ ಮೀನು ಮುಳುಗಿಸುವುದಿಲ್ಲ, ಉಪ್ಪು, ಮೆಣಸು, ಅರಶಿನ, ತೆಂಗಿನೆಣ್ಣೆ ಅಷ್ಟೇ. ಆದರೆ ಬರುವ ತಿಂಗಳು ನೋಡಿ ಬನ್ನಿ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲ್ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ಆಗ ನಾಡದೋಣಿಯವರು ತಂದ ಮೀನು ಸಿಕ್ಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಐಸಿನ ಮೀನು ತಂದು ತಾಜಾ ಎಂದು ಬಡಿಸುವ ಹೋಟೆಲುಗಳು ಬೇಕಾದಷ್ಟಿವೆ. ಇಚ್ಚ ಗಲ್ಲೆಯಿಂದಲೇ ಹೇಳುತ್ತಾರೆ, "ಇವತ್ತು ಮೀನು ಬೇಡ, ಮೊಟ್ಟೆ ತೆಗೊಳ್ಳಿ."

ಪೊರೊಟ್ಟ ಸಾಧಾರಣ. ಬಿರಿಯಾನಿ ಶುಕ್ರವಾರ ಮಾತ್ರ, ನನಗೆ ಅದರಲ್ಲಿ ಅಷ್ಟು ಆಸಕ್ತಿ ಇಲ್ಲ. ಗೋಳಿಬಜೆ ಸಂಜೆ ನಾಲ್ಕೂವರೆಗೆ, ಬಿಸಿ ಇದ್ದಾಗ ತಿಂದರೆ ಮಾತ್ರ ಗೋಳಿಬಜೆ, ತಣ್ಣಗಾದರೆ ರಬ್ಬರ್ ಬುಷ್.

ಕುಡಿಯಲು ಪದಿಮುಗಂ ಎಂಬ ಮರದ ಚಕ್ಕೆ ಹಾಕಿ ಕುದಿಸಿದ ನಸುಗೆಂಪು ನೀರು ಕೊಡುತ್ತಾರೆ. ಘಟ್ಟದ ಮೇಲಿನವರು ಹೆದರಬೇಡಿ. ಒಮ್ಮೆ ಹುಬ್ಬಳ್ಳಿ ಕಡೆಯ ಈರುಳ್ಳಿ ಲಾರಿಯ ಡ್ರೈವರ್ ಒಬ್ಬರು, "ಲೋಟ ತೊಳ್ದ ನೀರ್ ಕೊಟ್ಟೀರೇನ್ರೀ" ಎಂದು ಜಗಳಕ್ಕೇ ನಿಂತಿದ್ದರು. ಇಚ್ಚನಿಗೆ ಆ ಕನ್ನಡ ಅರ್ಥವಾಗಲಿಲ್ಲ, ಅವರಿಗೆ ಇಚ್ಚನ ಕನ್ನಡ ಅರ್ಥವಾಗಲಿಲ್ಲ. ನಡುವೆ ನಾನು ಕನ್ನಡದಿಂದ ಕನ್ನಡಕ್ಕೇ ಹೇಳಬೇಕಾಯಿತು. ಈ ಹೋಟೆಲಿನಲ್ಲಿ ತುಳು, ಮಲಯಾಳ, ಬ್ಯಾರಿ, ಕನ್ನಡ, ಕೊಂಕಣಿ ಎಲ್ಲ ನಡೆಯುತ್ತದೆ. ಬಡಿಸುವ ಹುಡುಗರು ಈಗ ಬಂಗಾಳದ ಕಡೆಯವರು, ಹಾಗಾಗಿ ಹಿಂದಿಯೂ ಉಂಟು. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದಾಗ ಅದೇ ಈರುಳ್ಳಿಯ ಡ್ರೈವರ್ ಇದೇ ಅಂಗಳದಲ್ಲಿ ಸಿಕ್ಕಿಬಿದ್ದರು. ಹೋಟೆಲು ಮುಚ್ಚಿತ್ತು, ಹಿಂದಿನ ಬಾಗಿಲಿನಿಂದ ಗಂಜಿ ಹೋಗುತ್ತಿತ್ತು. ಹೊರಡುವಾಗ ಇಚ್ಚ ದುಡ್ಡು ತೆಗೆದುಕೊಳ್ಳಲಿಲ್ಲ, ಅವರು ಒಂದು ಮೂಟೆ ಈರುಳ್ಳಿ ಇಳಿಸಿ ಹೋದರು. ಲೋಡಿನ ಲೆಕ್ಕ ಅವರು ಹೇಗೆ ಸರಿ ಮಾಡಿದರೋ ನಾನು ಕೇಳಲಿಲ್ಲ.

ಸ್ನಾನಕ್ಕೆ ಹಿಂದೆ ಬಾವಿ, ಬಾವಿಯ ಪಕ್ಕ ಸಿಮೆಂಟಿನ ತೊಟ್ಟಿ. ಊಟ ಮಾಡಿದವರಿಗೆ ಸ್ನಾನ ಪುಕ್ಕಟೆ, ಊಟ ಮಾಡದವರಿಗೂ ಬೇಡ ಎಂದು ಹೇಳಿದ್ದು ನಾನು ಕೇಳಿಲ್ಲ. ಹದಿನಾರು ಗಂಟೆ ಓಡಿಸಿ ಬಂದು, ತಲೆಗೆ ನಾಲ್ಕು ಕೊಡ ಬಾವಿ ನೀರು ಸುರಿದುಕೊಂಡಾಗಿನ ಸುಖ ಸ್ಟಾರ್ ಹೋಟೆಲಿನ ಷವರಿನಲ್ಲಿ ಸಿಗಲಿಕ್ಕಿಲ್ಲ. ಷವರಿನ ಕೆಳಗೆ ನಿಂತದ್ದು ಕಡಿಮೆ, ಹಾಗಾಗಿ ಇದು ಅಂದಾಜಿನ ಮಾತು. ಒಂದೇ ದೂರು: ಏಪ್ರಿಲ್, ಮೇ ತಿಂಗಳಲ್ಲಿ ಹೊಳೆಗೆ ಕಡಲಿನ ನೀರು ಏರುತ್ತದೆ, ಬಾವಿ ಸ್ವಲ್ಪ ಉಪ್ಪಾಗುತ್ತದೆ. ಸಾಬೂನು ನೊರೆ ಬರುವುದಿಲ್ಲ, ತಲೆಗೂದಲು ತೆಂಗಿನ ನಾರಿನ ಹಾಗೆ ಆಗುತ್ತದೆ. ಶೌಚಾಲಯವೂ ಒಂದೇ ಇರುವುದು, ಚಿಲಕ ಸರಿ ಇಲ್ಲ, ಒಳಗೆ ಹೋದವರು ಕೆಮ್ಮುತ್ತಾ ಇರಬೇಕು. ಹೆಂಗಸರನ್ನು ಕರೆದುಕೊಂಡು ಬರುವವರು ಇದನ್ನು ಗಮನಿಸಿ.

ಕಾರಿನಲ್ಲಿ ಬರುವವರು ಡೀಸೆಲ್ ಬಗ್ಗೆ ಕೇಳುತ್ತಾರೆ, ಅದನ್ನೂ ಹೇಳಿಬಿಡುತ್ತೇನೆ. ಮಂಗಳೂರಿನಿಂದ ಬರುವುದಾದರೆ ತಲಪಾಡಿಗೆ ಮೊದಲೇ ಟ್ಯಾಂಕು ತುಂಬಿಸಿಕೊಂಡು ಬನ್ನಿ. ಕೇರಳದ ಬದಿಯಲ್ಲಿ ಲೀಟರಿಗೆ ರೇಟು ಜಾಸ್ತಿ. ಗಡಿಯ ಈಚೆ ಹುಟ್ಟಿದರೂ ಗಡಿಯ ಆಚೆಯೇ ಡೀಸೆಲ್ ಹಾಕಿಸಿದವರು ನಾವು.

ಡ್ರೈವರ್ ಕೆಲಸ ಬಿಟ್ಟ ಮೇಲೆ ಇಲ್ಲಿಗೆ ಮೊದಲ ಸಲ ಹೋದದ್ದು ಹೋದ ತಿಂಗಳು. ಪೆರ್ಮುದೆ ದಾರಿಯಿಂದ ಬರುವ ಬಸ್ಸಿನಲ್ಲಿ ಬಂದ್ಯೋಡಿಗೆ ಇಳಿದು, ಬಿಳಿ ಲುಂಗಿ, ಚೆಕ್ಸ್ ಷರ್ಟು, ಕೈಯಲ್ಲಿ ಕೊಡೆ ಹಿಡಿದು ನಡೆದೇ ಹೋದೆ. ಬೆಳಗ್ಗೆ ಹನ್ನೊಂದು ಗಂಟೆ. ಇಷ್ಟು ವರ್ಷದಲ್ಲಿ ಹನ್ನೊಂದು ಗಂಟೆಗೆ ಈ ಹೋಟೆಲನ್ನು ನಾನು ನೋಡಿಯೇ ಇರಲಿಲ್ಲ. ಲೋಡು ಇದ್ದವರಿಗೆ ಹನ್ನೊಂದು ಗಂಟೆ ಎಂದರೆ ರಸ್ತೆಯ ಹೊತ್ತು. ಹೋಟೆಲು ಖಾಲಿ ಇತ್ತು. ಹಿಂದಿನ ಚಪ್ಪರದಲ್ಲಿ ಒಬ್ಬ ಅಕ್ಕ ಕಡೆಯುವ ಕಲ್ಲಿನ ಮುಂದೆ ಕೂತು ಚಟ್ನಿ ಕಡೆಯುತ್ತಿದ್ದರು. ಪಕ್ಕದಲ್ಲಿ ಮೀನಿನ ಬುಟ್ಟಿ, ಬುಟ್ಟಿಯಿಂದ ಒಂದು ಗಜ ದೂರದಲ್ಲಿ ಸಾಧುವಿನ ಹಾಗೆ ಬೆಕ್ಕು. ಈ ಚಟ್ನಿ ಮಿಕ್ಸಿಯದ್ದಲ್ಲ ಎಂದು ನಾಲಿಗೆಗೆ ಯಾವಾಗಲೋ ಗೊತ್ತಿತ್ತು. ಕಡೆಯುವವರು ಯಾರು ಎಂದು ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅವರೇ ಅಂತೆ. "ನೀವು ಅಡಿಕೆ ಗಾಡಿಯವರಲ್ವಾ? ಚಟ್ನಿ ಎರಡು ಸಲ ಕೇಳುವವರು" ಅಂದರು. ಅವರು ಅಡುಗೆಮನೆಯ ಕಿಂಡಿಯಿಂದ ನನ್ನನ್ನು ನೋಡಿದ್ದಾರೆ, ನಾನು ಗಾಡಿಯನ್ನು ನೋಡುತ್ತಾ ಕೂತಿದ್ದೆ.

ಮೂರನೇ ಮೇಜಿನ ಒಳಗಿನ ಕುರ್ಚಿಯಲ್ಲೇ ಕೂತೆ, ಕಾಂಕ್ರೀಟ್ ಗೋಡೆಗೆ ಮುಖ ಹಾಕಿ. ಬೇರೆ ಕಡೆ ಕೂತರೆ ಏನೋ ಮರೆತು ಬಂದ ಹಾಗೆ. ಮೊದಲು ಊಟಕ್ಕೆ ಹನ್ನೆರಡು ನಿಮಿಷ, ಕೈ ತೊಳೆಯುವುದು, ಒಂದು ಸುತ್ತು ಹೋಗಿ ಟೈರು ತಟ್ಟುವುದು ಸೇರಿ ಹದಿನೈದು. ಆ ದಿನ ನಲವತ್ತು ನಿಮಿಷ ಕೂತಿದ್ದೆ. ಆಚೆ ಹಳಿಯ ಮೇಲೆ ಎರಡು ರೈಲು ಹೋದವು. ರೈಲು ಹೋದರೆ ಮೇಜಿನ ಮೇಲಿನ ಲೋಟ ಟಿಣ್ ಎನ್ನುತ್ತದೆ, ಅದೂ ನನಗೆ ಹೊಸ ಸುದ್ದಿ.

ಈಗ ಐದನೇ ನಕ್ಷತ್ರ. ಇಲ್ಲಿ ಒಂದು ಪದ್ಧತಿ ಉಂಟು. ಗಂಜಿ ಊಟ ಆದ ಮೇಲೆ ಲಾರಿಯವರಿಗೆ ಒಂದು ಕಟ್ಟನ್ ಚಾಯ, ಹಾಲಿಲ್ಲದ್ದು, ಗಟ್ಟಿ, ಲೆಕ್ಕಕ್ಕಿಲ್ಲದೆ. ಇಚ್ಚನ ತಂದೆಯ ಕಾಲದಿಂದ ಬಂದದ್ದು, ನಿದ್ದೆ ಹೋಗಲಿ ಎಂದು. ಕೇಳಬೇಕಾಗಿಯೂ ಇರಲಿಲ್ಲ, ಕೈ ತೊಳೆದು ಬರುವಾಗ ಮೇಜಿನ ಮೇಲೆ ಇರುತ್ತಿತ್ತು. ಆ ದಿನ ಇಚ್ಚ ಕಾಸರಗೋಡಿಗೆ ಹೋಗಿದ್ದರು. ಕೈ ತೊಳೆದು ಬಂದೆ, ಮೇಜು ಒರೆಸಿ ಆಗಿತ್ತು. ಚಾಯ ಕೇಳಿದೆ. ಹೊಸ ಹುಡುಗ ತಂದಿಟ್ಟ, ಜೊತೆಗೆ ಬಿಲ್ಲು. ಗಂಜಿ 50, ಬೂತಾಯಿ 60, ಚಾಯ 10.

ಹತ್ತು ರೂಪಾಯಿಯ ಪ್ರಶ್ನೆ ಅಲ್ಲ. ಹುಡುಗನದ್ದೂ ತಪ್ಪಿಲ್ಲ, ಅವನ ಕಣ್ಣಿಗೆ ಕೊಡೆ ಹಿಡಿದ ಒಬ್ಬ ಅಜ್ಜ. ನಾನು ಲಾರಿಯವನು ಎಂದು ಹೇಳಲು ಬಾಯಿ ತೆರೆದೆ. ಗಾಡಿ ಎಲ್ಲಿ ಎಂದು ಕೇಳಿದರೆ? 120 ಕೊಟ್ಟು ಬಂದೆ. ಆದರೂ ಒಂದು ನಕ್ಷತ್ರ ಅದಕ್ಕೇ ಕಡಿಮೆ. ಶೌಚಾಲಯದ ಚಿಲಕಕ್ಕೆ ನಾನು ಏನೂ ಕಳೆದಿಲ್ಲ.

ಬೆಳಗ್ಗೆ ಐದಕ್ಕೆ ತೆರೆಯುತ್ತಾರೆ, ರಾತ್ರಿ ಮುಚ್ಚುವುದಕ್ಕೆ ಹೊತ್ತಿಲ್ಲ. ಬಾಗಿಲು ಹಾಕಿದ್ದರೆ ಕಿಟಕಿ ತಟ್ಟಿ. ಶುಕ್ರವಾರ ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡು ಗಂಟೆವರೆಗೆ ನಮಾಜಿಗೆ ಬಂದ್. ಬೂತಾಯಿ ಒಂದೂವರೆಗೆ ಮುಗಿಯುತ್ತದೆ. ಫೋನಿನಲ್ಲಿ ಹಣ ಹಾಕಬಹುದು, ಆದರೆ ಒಳಗೆ ನೆಟ್‌ವರ್ಕ್ ಸಿಗುವುದಿಲ್ಲ, ಬಾವಿಕಟ್ಟೆಯ ಹತ್ತಿರ ಹೋಗಿ ನಿಲ್ಲಬೇಕು.

ಖಾಕಿ ಷರ್ಟು ಇನ್ನೂ ಪೆಟ್ಟಿಗೆಯಲ್ಲಿ ಉಂಟು. ಮುಂದಿನ ವಾರ ಅದನ್ನು ಹಾಕಿಕೊಂಡು ಹೋಗಿ ಒಮ್ಮೆ ನೋಡಬೇಕು.